ಮುಯ್ಯಿ ಪಟ್ಟಿಗೆ ಬಿದ್ದ ಬೀಗ

ನಮ್ಮ ಮನೆಯ ಕಂಪ್ಯೂಟರ್ ಹೆಸರಿಗೆ ಮಾತ್ರ ನನ್ನದು. ಬಳಕೆಯಲ್ಲಿ ಅದು ಊರ ಬಾವಿ. ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಕಟ್ಟಿದ ಮೇಲೆ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಪೇಟೆಗೆ ಬಂದ ನೆಂಟರೆಲ್ಲ ಕಾಫಿ ಕುಡಿದು ಲೋಟ ಕೆಳಗಿಡುವಾಗ, "ಒಂದು ಪಹಣಿ ಪ್ರಿಂಟ್ ತೆಗೀಬಹುದಾ?" ಎಂದು ಕೇಳುವುದು ರೂಢಿ. ತೆಗೀಬಹುದು. ಆದರೆ ಆ ಕಂಪ್ಯೂಟರಿನಲ್ಲಿ ನನ್ನ ಮುಯ್ಯಿ ಪಟ್ಟಿಯೂ ಇತ್ತು.

ನಾನು ಮೂವತ್ತೆರಡು ವರ್ಷ ಅಡಿಕೆ ಸೊಸೈಟಿಯೊಂದರಲ್ಲಿ ಲೆಕ್ಕ ಬರೆದವನು. 2019ರಲ್ಲಿ ಗೃಹಪ್ರವೇಶ ಆದಾಗ ಬಂದ ಕವರುಗಳನ್ನು ಸುಮ್ನೆ ಎಣಿಸಿ ಬೀರುವಿಗೆ ಹಾಕಲು ಕೈ ಬರಲಿಲ್ಲ. ಎಕ್ಸೆಲ್‌ನಲ್ಲಿ ಹಾಕಿದೆ. ಹೆಸರು, ಊರು, ಮೊತ್ತ, ಷರಾ. ಷರಾ ಅಂತ ಒಂದು ಕಾಲಂ ಇದ್ದರೆ ಅದನ್ನು ಖಾಲಿ ಬಿಡುವುದು ಗುಮಾಸ್ತನ ಜಾಯಮಾನ ಅಲ್ಲ, ಅಲ್ವಾ? ಹಾಗಾಗಿ ನೆಂಟರಿಗೆಲ್ಲ ನಮ್ಮ ಅಡಿಕೆ ಮಂಡಿಯ ದರ್ಜೆಗಳನ್ನೇ ಕೊಟ್ಟೆ. ಧಾರಾಳವಾಗಿ ಹಾಕಿದವರು ಸರಕು. ಅವರಿಗಿಂತ ತುಸು ಕೆಳಗೆ ಬೆಟ್ಟೆ. ನಡುವಿನ ಜನ ರಾಶಿ. ಕವರಿನ ಮೇಲೆ ದೊಡ್ಡದಾಗಿ ಹೆಸರು ಬರೆದು ಒಳಗೆ ಚಿಕ್ಕದಾಗಿ ಹಾಕಿದವರು ಗೊರಬಲು. ಮುಂದೆ ಒಂದೆರಡು ಮಾತು. "ಗೋಡೆ ಗಡಿಯಾರ. ನಾವೇ ಅವರ ಮಗನ ಮದುವೆಗೆ ಕೊಟ್ಟದ್ದು." "ಖಾಲಿ ಕವರ್. ಮರೆತಿರಬಹುದು. ಮರೆತಿರಲಾರರು."

ಆಷಾಢದ ಒಂದು ಮಧ್ಯಾಹ್ನ ಗೊರಬಲು ದರ್ಜೆಯ ನೆಂಟರೊಬ್ಬರು ಪ್ರಿಂಟ್ ತೆಗೆಯಲು ಕೂತರು. ನಾನು ಕೊಡೆ ಒಣಗಲು ಹಾಕಿ ಬರುವಷ್ಟರಲ್ಲಿ ಅವರು ಎಕ್ಸೆಲ್ ತೆರೆದಿದ್ದರು. ಇತ್ತೀಚಿನ ಫೈಲುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ "ಮುಯ್ಯಿ ಗುಟ್ಟು" ಎಂದಿತ್ತು. ಗುಟ್ಟು ಅಂತ ಹೆಸರಿಟ್ಟವನು ನಾನೇ. "ಇದೆಂಥದು ಮಾರಾಯ್ರೆ?" ಎನ್ನುತ್ತ ಅವರು ಮೌಸ್ ಅಲ್ಲಿಗೆ ಒಯ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿದ್ದರಿಂದ ಕಂಪ್ಯೂಟರೂ ಹೋಯಿತು. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನಾನು ಕರೆಂಟ್ ಹೋಗಿದ್ದಕ್ಕೆ ದೇವರಿಗೆ ಕೈ ಮುಗಿದದ್ದು ಅದೊಂದೇ ಸಲ.

ಅವತ್ತೇ ತೀರ್ಮಾನ ಮಾಡಿದೆ, ಫೋಲ್ಡರಿಗೆ ಬೀಗ ಹಾಕಲೇಬೇಕು.

ಬೀರುವಿಗೆ ಬೀಗವಿದ್ದ ಹಾಗೆ ಫೋಲ್ಡರಿಗೂ ಇರುತ್ತದೆ ಎಂದುಕೊಂಡಿದ್ದೆ. ಇಲ್ಲ. ವಿಂಡೋಸ್‌ನಲ್ಲಿ ಫೋಲ್ಡರ್ ಮೇಲೆ ನೇರವಾಗಿ ಪಾಸ್‌ವರ್ಡ್ ಹಾಕುವ ಸೌಲಭ್ಯವೇ ಇಲ್ಲ. ಪ್ರಾಪರ್ಟೀಸ್ ಒಳಗೆ ಎನ್‌ಕ್ರಿಪ್ಟ್ ಎಂಬ ಒಂದು ಚೌಕ ಇದೆ. ನನ್ನದು ಹೋಮ್ ಆವೃತ್ತಿಯಾದ್ದರಿಂದ ಅದು ಬೂದು ಬಣ್ಣದಲ್ಲಿತ್ತು, ಎಷ್ಟು ಒತ್ತಿದರೂ ಅಲ್ಲಾಡಲಿಲ್ಲ. ಮನೆಯವರ ಗುಟ್ಟಿಗೆ ಹೋಮ್‌ನಲ್ಲೇ ಜಾಗವಿಲ್ಲ!

ಮೊದಲು ಹಿಡನ್ ಮಾಡಿದೆ. ಫೋಲ್ಡರ್ ಮಾಯವಾಯಿತು. ಖುಷಿಯಲ್ಲಿ ಬೆಂಗಳೂರಿನ ಮಗಳಿಗೆ ಫೋನ್ ಮಾಡಿದರೆ ಅವಳು, "ಅಪ್ಪಾ, ವ್ಯೂಗೆ ಹೋಗಿ ಹಿಡನ್ ಐಟಮ್ಸ್ ಟಿಕ್ ಮಾಡಿದ್ರೆ ಯಾರಿಗೂ ಕಾಣತ್ತೆ" ಎಂದಳು. ಟಿಕ್ ಮಾಡಿದೆ. ಮಬ್ಬು ಬಣ್ಣದಲ್ಲಿ, ತೆಳು ಪರದೆಯ ಹಿಂದೆ ನಿಂತ ಮದುಮಗಳ ಹಾಗೆ ಕೂತಿತ್ತು.

ಆಮೇಲೆ ನೋಟ್‌ಪ್ಯಾಡ್‌ನಲ್ಲಿ ನಾಲ್ಕು ಸಾಲು ಬರೆದು ಬ್ಯಾಟ್ ಫೈಲ್ ಅಂತ ಉಳಿಸುವ ಉಪಾಯ ಸಿಕ್ಕಿತು. ಅದನ್ನು ಒತ್ತಿದರೆ ಕಪ್ಪು ಪರದೆ ಬಂದು ಪಾಸ್‌ವರ್ಡ್ ಕೇಳುತ್ತದೆ. ನೋಡಲು ಬಹಳ ಗಂಭೀರ. ಎರಡು ದಿನ ಅದನ್ನು ಒತ್ತಿ ಒತ್ತಿ ಸಂತೋಷಪಟ್ಟೆ. ಮೂರನೆಯ ದಿನ ಕೈತಪ್ಪಿ ರೈಟ್ ಕ್ಲಿಕ್ ಆಗಿ, ಎಡಿಟ್ ಒತ್ತಿಹೋಯಿತು. ನೋಟ್‌ಪ್ಯಾಡ್ ತೆರೆದುಕೊಂಡಿತು. ಅದರಲ್ಲಿ ನನ್ನ ಪಾಸ್‌ವರ್ಡ್ ಅಚ್ಚುಕಟ್ಟಾಗಿ ಬರೆದಿತ್ತು. ಬೀಗ ಹಾಕಿ, ಕೀಲಿಕೈಯನ್ನು ಅದೇ ಚಿಲಕಕ್ಕೆ ನೇತುಹಾಕಿದ ಹಾಗೆ.

ಮಗಳೇ ಕೊನೆಗೆ ಸೆವೆನ್ ಜಿಪ್ ಎಂಬ ತಂತ್ರಾಂಶ ಹಾಕಿಕೋ ಎಂದಳು. ಫೋಲ್ಡರನ್ನು ಗಂಟು ಕಟ್ಟಿ ಎಇಎಸ್ 256 ಎಂಬ ಬೀಗ ಹಾಕುತ್ತದಂತೆ. ಸೆವೆನ್ ಜೆಡ್ ಮಾದರಿ ಆರಿಸಿಕೊಂಡರೆ ಒಳಗಿರುವ ಫೈಲುಗಳ ಹೆಸರನ್ನೂ ಮುಚ್ಚಬಹುದು. ಅದಕ್ಕೂ ಟಿಕ್ ಹಾಕಿದೆ. ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರದಲ್ಲಿ "ಅಡಿಕೆ", ಅದರ ಮುಂದೆ 2019. ಮರೆಯುವ ಮಾತೇ ಇಲ್ಲ. ಎರಡು ಸಲ ಹೊಡೆ ಎಂದಿತು, ಎರಡು ಸಲವೂ ಹೊಡೆದೆ. ಗಂಟು ಕಟ್ಟಿದ ಮೇಲೆ ನೋಡಿದರೆ ಮೂಲ ಫೋಲ್ಡರ್ ಪಕ್ಕದಲ್ಲೇ ಬಾಯಿ ತೆರೆದು ಕೂತಿದೆ! ಅದು ನಕಲು ಮಾಡಿ ಬೀಗ ಹಾಕುತ್ತದೆಯೇ ಹೊರತು ಮೂಲವನ್ನು ಮುಟ್ಟುವುದಿಲ್ಲ. ರೀಸೈಕಲ್ ಬಿನ್‌ನಲ್ಲೂ ಉಳಿಯಬಾರದು ಎಂದು ಶಿಫ್ಟ್ ಒತ್ತಿ ಡಿಲೀಟ್ ಹೊಡೆದೆ. ಆ ರಾತ್ರಿ ಹೆಂಚಿನ ಮೇಲೆ ಮಳೆ ಹೊಯ್ಯುವ ಸದ್ದು ಕೇಳುತ್ತ ನೆಮ್ಮದಿಯಿಂದ ಮಲಗಿದೆ.

ದೀಪಾವಳಿ ಕಳೆಯಿತು. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯ ನಡುವೆಯೇ ಮದುವೆಗಳು ಶುರುವಾದವು. ಮೊದಲ ಕಾಗದವೇ ನನ್ನ ಷಡ್ಡಕರ ಮನೆಯದು, ಅವರ ಮಗಳ ಮದುವೆ. ಎಷ್ಟು ಮುಯ್ಯಿ ಹಾಕುವುದು? ಪಟ್ಟಿ ನೋಡಿದರಾಯಿತು ಎಂದು ಠೀವಿಯಿಂದ ಕೂತು ಪಾಸ್‌ವರ್ಡ್ ಹೊಡೆದೆ. ತೆರೆಯಲಿಲ್ಲ. "ರಾಂಗ್ ಪಾಸ್‌ವರ್ಡ್?" ಎಂದಿತು. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಬೇರೆ. ತಪ್ಪು ಅಂತ ಹೇಳುವ ಧೈರ್ಯವೂ ಇಲ್ಲದೆ ನನ್ನನ್ನೇ ಕೇಳುತ್ತಿದೆ! ದೊಡ್ಡಕ್ಷರ, ಚಿಕ್ಕಕ್ಷರ, ಅಡಿಕೆಗೆ ಎರಡು ಡಿ, ಎಲ್ಲ ಆಯಿತು. ಹೆಂಡತಿ ಹುಟ್ಟಿದ ದಿನವನ್ನೂ ಹೊಡೆದೆ. ಅದು ತಪ್ಪು ಎಂದು ಸೆವೆನ್ ಜಿಪ್‌ಗಿಂತ ಮೊದಲು ಹಿಂದೆ ನಿಂತಿದ್ದ ಅವಳೇ ಹೇಳಿದಳು.

ಮಗಳಿಗೆ ಫೋನ್ ಮಾಡಿದೆ. "ಅದಕ್ಕೆ ಹಿಂಬಾಗಿಲು ಇಲ್ಲ ಅಪ್ಪ. ಒಂದೊಂದು ಊಹೆಗೂ ಅದು ಒಳಗೆ 5,24,288 ಸಲ ಲೆಕ್ಕ ಸುತ್ತತ್ತೆ. ಕಳ್ಳರಿಗೆ ನಿಧಾನ ಆಗಲಿ ಅಂತ" ಎಂದಳು. ನಾನು ಕಳ್ಳನಲ್ಲವಲ್ಲ ಎಂದರೆ, "ಅದಕ್ಕೆ ಹೇಗೆ ಗೊತ್ತಾಗಬೇಕು?" ಎಂದಳು.

"ರೀ, ಅದಕ್ಕೆಲ್ಲ ಕಂಪ್ಯೂಟರ್ ಯಾಕೆ?" ಹೆಂಡತಿ ಒಳಗೆ ಹಲಸಿನ ಹಪ್ಪಳ ಸುಡುತ್ತಲೇ ಹೇಳಿದಳು. "ಭಾವ ಹಾಕಿದ್ದು ನೂರಾ ಒಂದು. ನಿಮ್ಮ ಸೋದರತ್ತೆ ಐನೂರು. ಆ ಗಡಿಯಾರದವರು ಗಡಿಯಾರ." ಹೀಗೇ ಹತ್ತಿಪ್ಪತ್ತು ಹೆಸರು, ಉಸಿರು ತೆಗೆದುಕೊಳ್ಳದೆ. ಆಮೇಲೆ, "ಹಿಂದಿನ ದಿನವೇ ಭಾವ ಎರಡು ಗೊನೆ ಬಾಳೆಹಣ್ಣು, ನಲವತ್ತು ತೆಂಗಿನಕಾಯಿ, ಒಂದು ಹೊರೆ ಬಾಳೆಲೆ ಜೀಪಿನಲ್ಲಿ ಕಳಿಸಿದ್ರಲ್ಲ, ಅದು ನಿಮ್ಮ ಪಟ್ಟಿಯಲ್ಲಿದೆಯಾ?"

ಅದಕ್ಕೆ ಕಾಲಂ ಇರಲಿಲ್ಲ. ಆದರೂ ಬರೆದದ್ದನ್ನು ನೋಡದೆ ದುಡ್ಡು ಹಾಕಿದರೆ ನನಗೆ ನಿದ್ದೆ ಬರುವುದಿಲ್ಲ.

ಎರಡು ದಿನ ಬಿಟ್ಟು ಷಡ್ಡಕರ ಮಗ ಬಂದ. ಉಳಿದ ಕಾಗದ ಹಂಚಲು ಶಿವಮೊಗ್ಗಕ್ಕೆ ಬಂದವನು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ನನ್ನ ಮುಖ ನೋಡಿ, "ಏನಾಯ್ತು ಚಿಕ್ಕಪ್ಪ?" ಎಂದ. ಏನು ಫೈಲು ಅಂತ ಹೇಳದೆ ಕಥೆ ಹೇಳಿದೆ.

"ನಂಬರ್ ಎಲ್ಲಿ ಒತ್ತುತ್ತೀರಿ?"

"ಬಲಗಡೆ ಗುಂಪಿನಲ್ಲಿ. ಲೆಕ್ಕದವರೆಲ್ಲ ಅಲ್ಲೇ ಒತ್ತೋದು."

"ಅವತ್ತು ಕರೆಂಟ್ ಹೋಗಿತ್ತಾ?"

"ಆಷಾಢದಲ್ಲಿ ಕರೆಂಟ್ ಹೋಗಿತ್ತಾ ಅಂತ ಕೇಳ್ತೀಯಲ್ಲ ಮಾರಾಯ!"

ಅವನು ನಕ್ಕ. ಕರೆಂಟ್ ಹೋಗಿ ಬಂದು ಕಂಪ್ಯೂಟರ್ ಮತ್ತೆ ಶುರುವಾದಾಗ ನನ್ನ ಕೀಬೋರ್ಡಿನಲ್ಲಿ ನಮ್ ಲಾಕ್ ದೀಪ ಹತ್ತುವುದಿಲ್ಲ. ಆಗ ಬಲಗಡೆಯ ಅಂಕಿಗಳು ಅಂಕಿಗಳೇ ಅಲ್ಲ. 2 ಕೆಳಗಿನ ಬಾಣ, 0 ಇನ್ಸರ್ಟ್, 1 ಎಂಡ್, 9 ಪೇಜ್ ಅಪ್. ಎರಡು ಸಲವೂ ಒಂದೇ ತಪ್ಪು ಮಾಡಿದ್ದರಿಂದ ಅದು ಒಪ್ಪಿಕೊಂಡಿತ್ತು. ಒಂಬತ್ತು ಚುಕ್ಕೆ ಇರಬೇಕಾದ ಕಡೆ ಐದೇ ಚುಕ್ಕೆ ಬಿದ್ದದ್ದನ್ನು ಎಣಿಸದವನು, ಮೂವತ್ತೆರಡು ವರ್ಷ ಲೆಕ್ಕ ಬರೆದ ನಾನು.

ಅವನು ಬರೀ "ಅಡಿಕೆ" ಹೊಡೆದು ಎಂಟರ್ ಒತ್ತಿದ. ತೆರೆದೇ ಹೋಯಿತು. "ಸಾಕು ಸಾಕು, ಇನ್ನು ನಾನೇ ನೋಡ್ಕೊತೀನಿ" ಎನ್ನುವಷ್ಟರಲ್ಲಿ ಹುಡುಗ ಉತ್ಸಾಹದಲ್ಲಿ ಫೈಲನ್ನೂ ತೆರೆದ. ಎಕ್ಸೆಲ್‌ಗೆ ಒಂದು ಕೆಟ್ಟ ಬುದ್ಧಿ. ಕೊನೆಯ ಸಲ ಸೇವ್ ಮಾಡಿದಾಗ ಯಾವ ಮನೆಯಲ್ಲಿ ಕರ್ಸರ್ ಇತ್ತೋ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಕೊನೆಯ ಸಲ ನಾನು ತಿದ್ದಿದ್ದು ಅವನ ಅಪ್ಪನ ಷರಾ.

"ಗೊರಬಲು. ₹101. ಹೋಳಿಗೆ 8."

ಹುಡುಗ ಬಹಳ ಮರ್ಯಾದಸ್ಥ. ಏನೂ ಹೇಳಲಿಲ್ಲ. ಒಂದೆರಡು ನಿಮಿಷ ನಮ್ ಲಾಕ್ ದೀಪವನ್ನೇ ನೋಡಿದ. "ಬೇರೆಯವರು ಕೂತ್ಕೊಳ್ಳೋದಾದ್ರೆ ಅವರಿಗೆ ಒಂದು ಬೇರೆ ಅಕೌಂಟ್ ಮಾಡಿಡಿ ಚಿಕ್ಕಪ್ಪ, ಜಿಪ್ ಎಲ್ಲ ಬೇಕಾಗೋದಿಲ್ಲ" ಎಂದ. ಕಾಫಿ ಕುಡಿದ. ಹಪ್ಪಳ ಮುಟ್ಟಲಿಲ್ಲ.

ಮದುವೆ ತೀರ್ಥಹಳ್ಳಿಯಲ್ಲಿ. ಕವರಿಗೆ ಸಾವಿರದ ಒಂದು ಹಾಕಿದ್ದೆ. ಹೆಂಡತಿ ನನಗೆ ಕಾಣದ ಹಾಗೆ ಅದಕ್ಕೆ ಇನ್ನೊಂದಿಷ್ಟು ಸೇರಿಸಿದ್ದು ಕೈಗೆ ದಪ್ಪವಾಗಿಯೇ ಗೊತ್ತಾಯಿತು. ಷಡ್ಡಕರು ಬಾಗಿಲಲ್ಲೇ ಕೈ ಹಿಡಿದು, "ಬನ್ನಿ ಬನ್ನಿ" ಎಂದು ಕರೆದರು. ಮುಖದಲ್ಲಿ ಏನೂ ಇರಲಿಲ್ಲ. ಹುಡುಗ ಹೇಳಿಲ್ಲ ಎಂದು ಸಮಾಧಾನವಾಗಿ ಊಟಕ್ಕೆ ಕೂತೆ. ಸಾರು, ಪಲ್ಯ, ಕೋಸಂಬರಿ ಎಲ್ಲ ಮುಗಿದು ಹೋಳಿಗೆ ಬಂತು. ಬಡಿಸುವವನ ಹಿಂದೆಯೇ ಷಡ್ಡಕರೂ ಬಂದರು. ರೇಷ್ಮೆ ಪಂಚೆ ಎತ್ತಿ ಕಟ್ಟಿ ನನ್ನ ಎಲೆಯ ಮುಂದೆ ನಿಂತರು.

"ಇವರಿಗೆ ಎಂಟು ಹಾಕು."

"ಅಯ್ಯೋ ಭಾವ, ಎರಡು ಸಾಕು."

"ಇರಲಿ ಇರಲಿ. ನಾಳೆ ನಾನೂ ಷರಾ ಬರೀಬೇಕಲ್ಲ."

ಪಂಕ್ತಿಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ. ಎದುರಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಳು. ಒಂದೊಂದಾಗಿ ತಿಂದೆ. ಆರನೆಯದಕ್ಕೆ ತುಪ್ಪವನ್ನು ಅವರೇ ಕೈಯಾರೆ ಹಾಕಿದರು.