ಪೇಟೆಯ ನಡುವೆ ಕಟ್ಟುವಾಗ: ಕಾಸರಗೋಡಿನಿಂದ ಒಂದು ಅನಿಸಿಕೆ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ, ಊರು ಬಿಡದೆಯೇ ಹೊರನಾಡಿಗರಾದವರು ಇಲ್ಲಿನ ಕನ್ನಡಿಗರಾದ ನಾವು. ಹಾಗಾಗಿ ನಮ್ಮ ಹಳೆಯ ಪೇಟೆಯ ನಡುವೆ ಪೌರ ಕಚೇರಿಗಳೂ ಕಲೆಯ ತಾಣಗಳೂ ಒಂದೇ ಆವರಣದಲ್ಲಿರುವ ಸಂಕೀರ್ಣವೊಂದು ಹೇಗಿರಬೇಕೆಂದು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಮೈಸೂರಿನತ್ತಲೂ ಕೊಚ್ಚಿಯತ್ತಲೂ ಹೋಗುತ್ತದೆ.

ಮೈಸೂರಿನ ಕಲಾಮಂದಿರದ ಆವರಣದಲ್ಲಿ ದೊಡ್ಡ ಸಭಾಂಗಣವಷ್ಟೇ ಅಲ್ಲ, ಭೂಮಿಗೀತದಂಥ ಪುಟ್ಟ ರಂಗವೂ ವನರಂಗದಂಥ ಬಯಲು ರಂಗವೂ ಇವೆ. 1989ರಲ್ಲಿ ರಂಗ ನಿರ್ದೇಶಕ ಬಿ. ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ನಾಟಕ ಸಂಸ್ಥೆ ರಂಗಾಯಣ ಅಲ್ಲೇ ನೆಲೆಸಿರುವುದರಿಂದ ಆ ಆವರಣಕ್ಕೆ ತನ್ನದೇ ಕಲಾವಿದರಿದ್ದಾರೆ. ಆದರೆ ಅದನ್ನು ಮಾದರಿಯಾಗಿಸಿಕೊಂಡ ಎಷ್ಟೋ ಊರುಗಳು ದೊಡ್ಡ ಸಭಾಂಗಣವನ್ನು ಮಾತ್ರ ಕಟ್ಟಿಕೊಂಡು, ಸಮಾರಂಭವಿಲ್ಲದ ದಿನಗಳಲ್ಲಿ ಬಾಗಿಲಿಗೆ ಬೀಗ ಹಾಕುತ್ತಿವೆ ಎಂಬುದು ನನ್ನ ಕೊರಗು. ಫೋರ್ಟ್ ಕೊಚ್ಚಿಯಲ್ಲಿ ಕಂಡದ್ದು ಬೇರೆಯೇ ದಾರಿ. ಸಂಬಾರ ಪದಾರ್ಥಗಳ ವ್ಯಾಪಾರ ನಡೆಯುತ್ತಿದ್ದ ಆಸ್ಪಿನ್‌ವಾಲ್ ಹೌಸ್ 2012ರಲ್ಲಿ ಕೊಚ್ಚಿ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದ ಮುಖ್ಯ ತಾಣವಾಯಿತು. ಹಳೆಯ ಗೋದಾಮಿನ ಗೋಡೆಯನ್ನು ಕೆಡವದೆಯೇ ಹೊಸ ಕಲೆಗೆ ಎಡೆ ಮಾಡಿಕೊಡಬಹುದೆಂಬುದನ್ನು ನಾನು ನಂಬಿದ್ದು ಅಲ್ಲಿಯೇ.

ಇವೆರಡರಲ್ಲಿ ಯಾವುದನ್ನು ತಂದರೂ ನಮ್ಮ ಮಳೆಗಾಲಕ್ಕೂ ನಮ್ಮ ಆಟಕ್ಕೂ, ಅಂದರೆ ಯಕ್ಷಗಾನಕ್ಕೂ, ಹೊಂದಿಸಿಕೊಳ್ಳಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವಿಲ್ಲ. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಡುವ ಮೇಳಗಳು ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲದುದ್ದಕ್ಕೂ, ವೇಷ ಕುಣಿತಗಳಿಲ್ಲದೆ ಕುಳಿತು ಹಾಡು-ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಕಾಲ. ಬಯಲಾಟಕ್ಕೆ ಮೂರು ಕಡೆಯೂ ಜನ ಕೂರಬಲ್ಲ ಅಂಗಳ ಬೇಕು, ಅದರ ಬೆನ್ನಿಗೇ ವೇಷ ಕಟ್ಟುವ ಚೌಕಿ ಬೇಕು. ತಾಳಮದ್ದಳೆಗೆ ಬೇಕಾದದ್ದು ನೂರಿನ್ನೂರು ಜನ ಹತ್ತಿರ ಕುಳಿತು, ಮೈಕ್ ಇಲ್ಲದೆಯೇ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಕೇಳಬಲ್ಲ ಚಾವಡಿ. ಸಾವಿರ ಕುರ್ಚಿಯ ಸಭಾಂಗಣ ಈ ಎರಡಕ್ಕೂ ಒಗ್ಗದು. ಅಂಥದೊಂದು ಮುಚ್ಚಿದ ಸಭಾಂಗಣದಲ್ಲಿ ಆಟ ನೋಡಿದ ರಾತ್ರಿ, ಚೆಂಡೆಯ ಪೆಟ್ಟು ಕಾಂಕ್ರೀಟ್ ಗೋಡೆಗಳಿಗೆ ಬಡಿದು ಮರಳುತ್ತಿದ್ದುದರಿಂದ ಭಾಗವತರ ಒಂದು ಪದವೂ ನನಗೆ ಸ್ಪಷ್ಟವಾಗಿ ಕೇಳಿಸಲಿಲ್ಲ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಗಾಜಿನ ಮುಖವಿರುವ ಚಪ್ಪಟೆ ತಾರಸಿಯ ಕಟ್ಟಡವೇಕೆ? ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಇಳಿಜಾರು ಮಾಡನ್ನೂ, ಇಲ್ಲಿನ ಹಳೆಯ ಮನೆಗಳ ಹಂಚಿನ ಮಾಡನ್ನೂ, ಅಗಲವಾದ ಜಗಲಿಯನ್ನೂ ನೋಡಿದರೆ ಉತ್ತರ ಸಿಗುತ್ತದೆ. ಅಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕೆಂಪು ಮುರಕಲ್ಲು ನಮ್ಮ ನೆಲದಲ್ಲೇ ಇದೆ, ಅದನ್ನು ಕಟ್ಟಬಲ್ಲ ಮೇಸ್ತ್ರಿಗಳೂ ಇದ್ದಾರೆ.

ಜಿಲ್ಲಾ ಕಚೇರಿಗಳು ಹಳೆಯ ಪೇಟೆಯಿಂದಾಚೆ ವಿದ್ಯಾನಗರದಲ್ಲಿರುವಾಗ, ದಿನನಿತ್ಯದ ಕೆಲಸಕ್ಕೆ ಪೇಟೆಗೆ ಬರುವವರು ಈ ಆವರಣವನ್ನು ಹಾದುಹೋಗುವಂತಾಗಬೇಕು. ಅದಕ್ಕಾಗಿ ನಾನು ಕೇಳುವುದು ಕೇರಳದ ವಾಚನಾಲಯ. 1945ರಲ್ಲಿ ಪಿ. ಎನ್. ಪಣಿಕ್ಕರ್ ಅವರು ಸಂಘಟಿಸಿದ ಗ್ರಂಥಾಲಯ ಚಳವಳಿಯ ಫಲವಾಗಿ ಕೇರಳದ ಹಳ್ಳಿಹಳ್ಳಿಗಳಲ್ಲಿ ಓದುವ ಕೋಣೆಗಳಿವೆ. ಅಂಥದೊಂದು ರಸ್ತೆಗೆ ತೆರೆದ ಜಗಲಿಯಲ್ಲೇ ಇರಲಿ, ಮೇಜಿನ ಮೇಲೆ ಕನ್ನಡ ಮತ್ತು ಮಲಯಾಳ ಪತ್ರಿಕೆಗಳು ಜೊತೆಯಾಗಿರಲಿ. ಅದರ ಪಕ್ಕದಲ್ಲೇ ಅರ್ಜಿ ಕೊಡುವ ಕೌಂಟರ್ ಇರಲಿ; ಕನ್ನಡದಲ್ಲಿ ಸರಕಾರದೊಡನೆ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ನಮಗೆ ಕೊಟ್ಟಿರುವುದರಿಂದ, ಆ ಕಿಟಕಿಯ ಹಿಂದೆ ಕನ್ನಡ ಓದಬಲ್ಲ ಒಬ್ಬರು ಕುಳಿತಿರುವಷ್ಟು ಜಾಗವನ್ನು ನಕ್ಷೆಯಲ್ಲೇ ಗುರುತಿಸಬೇಕು.