ಗಿಯೋನ್ ಬೀದೀಲಿ ಕ್ಯಾಮೆರಾ ಹಿಡ್ಕೊಂಡ ನಮ್ಮೋರು

ಊರಿಂದ ಯಾರೇ ಜಪಾನಿಗೆ ಬರ್ಲಿ, ಕ್ಯೋಟೋ ಅಂದ ತಕ್ಷಣ ಕೇಳೋದು ಇದನ್ನೇ, "ಗೇಶಾ ಎಲ್ಲಿ ಸಿಗ್ತಾರೆ, ಎಷ್ಟೊತ್ತಿಗೆ ಹೋದ್ರೆ ಫೋಟೋ ತೆಗೀಬಹುದು?" ಗೇಶಾ ಅಂದ್ರೆ ಹಾಡು, ಕುಣಿತ ಕಲಿತು ಅತಿಥಿಗಳನ್ನ ರಂಜಿಸೋ ಕಲಾವಿದೆಯರು. ನಾನಿರೋದು ಒಸಾಕಾದಲ್ಲಿ, ಅಲ್ಲಿಂದ ಕ್ಯೋಟೋ ಟ್ರೈನಲ್ಲಿ ಅರ್ಧ ಗಂಟೆ, ಹಾಗಾಗಿ ಬಂದ ನೆಂಟರಿಗೆಲ್ಲಾ ನಾನೇ ಗೈಡು. ಬಂಡೀಪುರ ಸಫಾರೀಲಿ ಹುಲಿ ಬಗ್ಗೆ ವಿಚಾರಿಸ್ತಾರಲ್ಲ, ಥೇಟ್ ಹಾಗೇ ವಿಚಾರಿಸ್ತಾರೆ.

ಜಾಗ ಏನೂ ಗುಟ್ಟಲ್ಲ. ಗೇಶಾಗಳಿರೋ ಗಿಯೋನ್ ಬಡಾವಣೇಲಿ ಹನಮಿಕೋಜಿ ಅಂತ ಬೀದಿ, ಸಂಜೆ ಐದೂವರೆ ಆರರ ಹೊತ್ತಿಗೆ ಟೀ ಹೌಸ್‌ಗಳಿಗೆ (ಅವರು ಅತಿಥಿಗಳನ್ನ ರಂಜಿಸೋ ಮನೆಗಳು) ಕೆಲಸಕ್ಕೆ ನಡ್ಕೊಂಡು ಹೋಗ್ತಿರ್ತಾರೆ. ಗೇಶಾನ ಕ್ಯೋಟೋದಲ್ಲಿ ಗೇಕೋ ಅಂತಾರೆ, ಇನ್ನೂ ಕಲೀತಿರೋ ಹುಡುಗೀರು ಮೈಕೋ. ಬೆನ್ನ ಹಿಂದೆ ಐದು ಮೀಟರ್ ಉದ್ದದ ಓಬಿ (ಕಿಮೋನೋ ಸೊಂಟಪಟ್ಟಿ) ಇಳಿಬಿಟ್ಕೊಂಡು, ಎತ್ತರದ ಮರದ ಚಪ್ಪಲೀಲಿ ಬಿರಬಿರನೆ ಹೋದ್ರೆ ಅದು ಮೈಕೋ. ಮಧ್ಯಾಹ್ನ ಕಿಯೋಮಿಜು ದೇವಸ್ಥಾನದ ಕೆಳಗಿನ ಮೆಟ್ಟಿಲ ದಾರೀಲಿ ನಿಧಾನಕ್ಕೆ ಓಡಾಡ್ತಾ ಕೇಳಿದೋರಿಗೆಲ್ಲಾ ನಗ್ತಾ ಪೋಸ್ ಕೊಡೋರು ಬಹುಪಾಲು ದುಡ್ಡು ಕೊಟ್ಟು ಮೇಕಪ್ ಮಾಡಿಸ್ಕೊಂಡಿರೋ ಪ್ರವಾಸಿಗರು. ನಮ್ಮೋರು ಆ ಫೋಟೋನೇ "ರಿಯಲ್ ಗೇಶಾ" ಅಂತ ಸ್ಟೇಟಸ್‌ಗೆ ಹಾಕ್ತಾರೆ, ನಾನು ಬಾಯಿ ಬಿಡಲ್ಲ, ಪಾಪ ಅಷ್ಟು ದೂರದಿಂದ ಬಂದಿರ್ತಾರೆ.

ನಿಜವಾದೋರು ಎದುರಾದಾಗಲೇ ತಲೆನೋವು. ಟೀ ಹೌಸ್ ಒಳಗೆ ಪರಿಚಯದೋರು ಕರ್ಕೊಂಡು ಹೋಗದೆ ಹೊಸಬರನ್ನ ಬಿಟ್ಕೊಳಲ್ಲ, ಅದು ಹಿಂದಿನಿಂದ ಬಂದ ಪದ್ಧತಿ, ಹಾಗಾಗಿ ಪ್ರವಾಸಿಗರಿಗೆ ಇರೋದು ಬೀದಿ ಮಾತ್ರ, ಮನೆ ಬಾಗಿಲಿಂದ ಟೀ ಹೌಸ್ ಬಾಗಿಲವರೆಗಿನ ಆ ಐದು ಹತ್ತು ನಿಮಿಷಕ್ಕೆ ಇಡೀ ಪ್ರಪಂಚ ಬಂದು ಮುತ್ಕೊಳುತ್ತೆ. ದಾರಿಗೆ ಅಡ್ಡ ನಿಲ್ಲೋದು, ಹಿಂದೆ ಓಡೋದು, ಕಿಮೋನೋ ತೋಳು ಹಿಡಿದು ಎಳೆಯೋದು. ಮೈಕೋಗಳಲ್ಲಿ ಎಷ್ಟೋ ಜನ ಹದಿನಾರು ಹದಿನೇಳರ ಮಕ್ಕಳು ಕಣ್ರೀ, ನಮ್ಮಲ್ಲಾದ್ರೆ ಪಿಯುಸಿ ಓದೋ ವಯಸ್ಸು. 2019ರಲ್ಲಿ ಅಲ್ಲಿನ ನಿವಾಸಿಗಳ ಸಮಿತಿಯೋರು ಖಾಸಗಿ ಗಲ್ಲಿಗಳಲ್ಲಿ ಫೋಟೋ ತೆಗೆದ್ರೆ 10,000 ಯೆನ್ ದಂಡ ಅಂತ ಬೋರ್ಡ್ ಹಾಕಿದ್ರು, 2024ರಲ್ಲಿ ಆ ಗಲ್ಲಿಗಳಿಗೆ ಪ್ರವಾಸಿಗರು ಕಾಲೇ ಇಡ್ಬೇಡಿ ಅಂದ್ರು. ಹನಮಿಕೋಜಿ ಮಾತ್ರ ಸಾರ್ವಜನಿಕ ರಸ್ತೆ, ಅಲ್ಲಿಗೆ ಬರಬೇಡಿ ಅನ್ನೋಕಾಗಲ್ಲ, ಜನ ಅಲ್ಲೇ ಕಾಯ್ತಾರೆ.

ನಮ್ಮೋರು ಎಳೆದಾಡಲ್ಲ, ಅದನ್ನ ಹೇಳ್ಲೇಬೇಕು. ನಮ್ಮೋರು ಕೇಳ್ತಾರೆ. ಎದುರಿಗೆ ಹೋಗಿ ನಗ್ತಾ "ಒನ್ ಫೋಟೋ ಪ್ಲೀಸ್" ಅಂತಾರೆ, ಕೇಳಿ ತೆಗೆದ್ರೆ ತಪ್ಪೇನು ಅಂತ ನನ್ನನ್ನೇ ಕೇಳ್ತಾರೆ. ಮೈಸೂರಿನ ದೇವರಾಜ ಮಾರ್ಕೆಟ್ಟಲ್ಲಿ ಹೂವಿನೋರ ಹತ್ರ ಅದು ಸರಿ, ಅವರು ಕೂತಿರ್ತಾರೆ, ಎರಡು ಮಾತಾಡ್ತಾರೆ, "ತೆಗೀರಿ, ಹಂಗೇ ಒಂದು ಮೊಳ ತಗೊಳ್ಳಿ" ಅಂತಾರೆ, ಬೇಡ ಅನ್ಸಿದ್ರೆ "ಹೋಗಯ್ಯ ಅತ್ಲಾಗೆ" ಅನ್ನೋ ಸ್ವಾತಂತ್ರ್ಯನೂ ಇದೆ. ಇಲ್ಲಿ ಆ ಹುಡುಗಿ ಅರ್ಜೆಂಟಲ್ಲಿ ಕೆಲಸಕ್ಕೆ ಹೋಗ್ತಿದಾಳೆ, ನಿಂತು ಜಗಳ ಆಡೋ ಹಾಗಿಲ್ಲ, ನೂರು ಜನ ವಿನಯವಾಗಿ ಕೇಳಿದ್ರೂ ನೂರು ಸಲ ಅಡ್ಡ ಹಾಕಿದ ಹಾಗೇ ಆಯ್ತು. ಊರಲ್ಲಿ ಯಾವುದು ಮರ್ಯಾದೆನೋ ಇಲ್ಲಿ ಅದೇ ಕಾಟ. ಇಲ್ಲಿಯೋರು ಏನ್ಮಾಡ್ತಾರೆ ಗೊತ್ತಾ, ಪಕ್ಕಕ್ಕೆ ಸರಿದು ನೋಡೇ ಇಲ್ಲ ಅನ್ನೋ ಹಾಗೆ ಹೋಗಿಬಿಡ್ತಾರೆ. ಮೊದಮೊದಲು ನಂಗೆ ಇದು ಬರೀ ಬಿಗುಮಾನ ಅನ್ಸೋದು, ಈಗ ಇದೇ ವಾಸಿ ಅನ್ಸುತ್ತೆ.

ಫೋಟೋ ವಿಷಯದಲ್ಲಿ ಜಪಾನಿನೋರು ಮೊದ್ಲಿಂದ್ಲೂ ಸೂಕ್ಷ್ಮ. ಇಲ್ಲಿ ಮಾರೋ ಫೋನಲ್ಲಿ ಶಟರ್ ಸೌಂಡ್ ಮ್ಯೂಟ್ ಆಗ್ದೇ ಇರೋದು ಮಾಮೂಲು, ಕದ್ದು ತೆಗೀಬಾರ್ದು ಅಂತ ಕಂಪನಿಯೋರೇ ಮಾಡ್ಕೊಂಡಿರೋ ಏರ್ಪಾಡು. ಒಪ್ಪಿಗೆ ಇಲ್ದೆ ಸುಮ್ನೆ ಮುಖದ ಫೋಟೋ ತೆಗೆಸ್ಕೊಳ್ದೇ ಇರೋ ಸ್ವಾತಂತ್ರ್ಯ ಜನಕ್ಕಿದೆ ಅಂತ ಜಪಾನಿನ ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿತ್ತು, ಅದೂ ಕ್ಯೋಟೋದ ವಿದ್ಯಾರ್ಥಿಗಳ ಮೆರವಣಿಗೆ ಕೇಸಲ್ಲಿ (ಆ ಕೇಸಲ್ಲಿ ಪೊಲೀಸರು ಫೋಟೋ ತೆಗೆದದ್ದು ಸರಿ ಅಂತಾನೇ ತೀರ್ಪಾಯ್ತು ಅನ್ನೋದು ಬೇರೆ ಮಾತು).

ಹಾಗಂತ ಇವರದ್ದೇ ಎಲ್ಲಾ ಸರಿ ಅಂತ ನಾನು ಒಪ್ಪಲ್ಲ. ಪ್ರವಾಸದ ಪೋಸ್ಟರಲ್ಲಿ ಮೈಕೋ, ಸ್ವೀಟ್ ಡಬ್ಬದ ಮೇಲೆ ಮೈಕೋ, ಕೀ ಚೈನಲ್ಲೂ ಮೈಕೋ, ಮುಖ ತೋರ್ಸಿ ಕರ್ಯೋದು, ಬಂದ್ಮೇಲೆ ನೋಡ್ಬೇಡಿ ಅನ್ನೋದು. ನಮ್ಮಲ್ಲೂ ಭೂತಕೋಲಕ್ಕೆ ಈಗ ಫೋನ್ ಹಿಡ್ಕೊಂಡು ಬರೋರು ಜಾಸ್ತಿ ಆಗಿದಾರೆ, ಆದ್ರೆ ಅಲ್ಲಿ ಊರಿನ ಹಿರಿಯರು ಯಾರಾದ್ರೂ ಎದ್ದು "ಫೋನ್ ಒಳಗಿಡೋ" ಅಂತ ಗದರಿಸಿದ್ರೆ ಮುಗೀತು. ಇಲ್ಲಿ ಯಾರೂ ಗದರಲ್ಲ, ಬೇರೆ ಬೇರೆ ಭಾಷೇಲಿ ಬೋರ್ಡ್ ಹಾಕಿ ಒಳಗೊಳಗೇ ಬೇಯ್ತಾರೆ, ಬೋರ್ಡ್ ಓದೋರು ಯಾರು?

ಗೇಕೋ, ಮೈಕೋಗಳು ತಾವಾಗೇ ಜನರ ಮುಂದೆ ಬರೋ ದಿನಗಳಿವೆ, ನೆಂಟರಿಗೆ ನಾನು ಹೇಳೋದು ಅದನ್ನೇ. ಫೆಬ್ರವರಿ ಶುರುವಿನಲ್ಲಿ ಸೆತ್ಸುಬುನ್ ಹಬ್ಬಕ್ಕೆ ಯಾಸಾಕಾ ದೇವಸ್ಥಾನದಲ್ಲಿ ಕುಣೀತಾರೆ, ಜನರ ಮೇಲೆ ಕಾಳು ಎರಚ್ತಾರೆ. ಅದೇ ತಿಂಗಳು 25ಕ್ಕೆ ಕಿತಾನೋ ತೆನ್ಮಾಂಗೂ ದೇವಸ್ಥಾನದಲ್ಲಿ ಪ್ಲಮ್ ಹೂ ಬಿಟ್ಟಿರೋ ಹೊತ್ತಲ್ಲಿ ಕಾಮಿಶಿಚಿಕೆನ್ ಅನ್ನೋ ಇನ್ನೊಂದು ಗೇಶಾ ಬಡಾವಣೆಯೋರು ಹೊರಗಡೆನೇ ಕೂತು ಟೀ ಕೊಡ್ತಾರೆ, ಅಲ್ಲಿ ಎಷ್ಟು ಹೊತ್ತು ಬೇಕಾದ್ರೂ ನೋಡ್ಬಹುದು. ಏಪ್ರಿಲ್ಲಲ್ಲಿ ಬರೋರು "ಮಿಯಾಕೋ ಒದೋರಿ" ಅನ್ನೋ ಕಾರ್ಯಕ್ರಮಕ್ಕೆ ಟಿಕೆಟ್ ಮುಂಚೆನೇ ತಗೊಳ್ಳಿ, 1872ರಿಂದ ನಡ್ಕೊಂಡು ಬಂದಿರೋ ಡ್ಯಾನ್ಸ್ ಅದು, ಸ್ವಲ್ಪ ಜಾಸ್ತಿ ಕೊಟ್ರೆ ಶುರುವಾಗೋ ಮುಂಚೆ ಟೀನೂ ಸಿಗುತ್ತೆ. ಡ್ಯಾನ್ಸ್ ನಡೀವಾಗ ಮಾತ್ರ ಫೋಟೋ ತೆಗೆಯೋ ಹಾಗಿಲ್ಲ, ಅದನ್ನ ಈಗ್ಲೇ ಹೇಳಿದೀನಿ, ಆಮೇಲೆ ನನ್ನ ಮೇಲೆ ಸಿಟ್ಟಾಗ್ಬೇಡಿ.