ಎದುರು ಬಾಲ್ಕನಿ ಮೇಸ್ತ್ರಿ

ನೇರ ಹೊಲಿಗೆ ಹಾಕಿಕೊಡುವ ಟೈಲರ್ ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ. ಕತ್ತು ಬೇಡ, ತೋಳು ಬೇಡ, ಲೈನಿಂಗ್ ಬೇಡ, ಬೆನ್ನಿಗೆ ದಾರ, ಅದರ ತುದಿಗೆ ಗೊಂಡೆ ಯಾವುದೂ ಬೇಡ. ಈ ತುದಿಯಿಂದ ಆ ತುದಿಗೆ ಒಂದು ಗೆರೆ. ಅಷ್ಟೇ. ಇಡೀ ಬೆಂಗಳೂರಿನಲ್ಲಿ ಇದನ್ನು ಹೊಲಿಯುವವರು ಸಿಗುತ್ತಿಲ್ಲ.

ನಮ್ಮ ರಸ್ತೆಯಲ್ಲೇ ಇಬ್ಬರು ಟೈಲರ್ ಇದ್ದಾರೆ. ಬ್ಲೌಸಿನ ಬೆನ್ನ ಮೇಲೆ ನವಿಲು ಕೂರಿಸಿ ಕೊಡುತ್ತಾರೆ. ಆದರೆ ಕರ್ಟನ್ ಅಂದ ಕೂಡಲೇ ಇಬ್ಬರ ಮುಖವೂ ಬಾಡುತ್ತದೆ. "ಕರ್ಟನ್ನಾ ಮೇಡಂ? ವರಮಹಾಲಕ್ಷ್ಮಿ ಮುಗೀಲಿ." ಮುಗಿಯಿತು. "ಗೌರಿ ಹಬ್ಬ ಬಂತಲ್ಲ ಮೇಡಂ." ಅದೂ ಮುಗಿದರೆ ದಸರಾ, ಆಮೇಲೆ ದೀಪಾವಳಿ, ಆಮೇಲೆ ಮದುವೆ ಸೀಸನ್. ಹಾಗಾದರೆ ಆಷಾಢದಲ್ಲಿ ತರಲಾ, ಆಗ ಮದುವೆ ಮುಂಜಿ ಏನೂ ಇರಲ್ಲವಲ್ಲ ಅಂದೆ. "ಆಷಾಢದಲ್ಲಿ ನಾನು ಊರಿಗೆ ಹೋಗ್ತೀನಿ ಮೇಡಂ."

ಇನ್ನು ಕರ್ಟನ್ ಶೋರೂಮು. ಅಲ್ಲಿ ಎಸಿ ಇದೆ, ನೀರು ಕೊಡುತ್ತಾರೆ, ಬಟ್ಟೆಯ ಆಲ್ಬಮ್ ಒಂದಾದ ಮೇಲೊಂದು ತಂದು ತೊಡೆಯ ಮೇಲೆ ಇಡುತ್ತಾರೆ. ಬಟ್ಟೆಗೆ ಒಂದು ರೇಟು, ಒಳಗಿನ ಲೈನಿಂಗಿಗೆ ಒಂದು, ಹೊಲಿಗೆಗೆ ಒಂದು, ರಿಂಗಿಗೆ ಒಂದು, ರಾಡಿಗೆ ಒಂದು, ಬಂದು ಫಿಟ್ ಮಾಡುವುದಕ್ಕೆ ಇನ್ನೊಂದು. ನಾಲ್ಕು ಅಡಿಯ ಎರಡು ಕಿಟಕಿಗೆ 14 ಸಾವಿರ ಅಂದರು. ನೀರು ಕುಡಿದು ಬಂದೆ.

ಇಷ್ಟಕ್ಕೂ ಈ ಪರದೆ ಯಾಕೆ ಬೇಕಾಯಿತು ಅಂದರೆ, ಎದುರು ಸೈಟಿನಲ್ಲಿ ಮನೆ ಎದ್ದಿತು. ಮೂವತ್ತು ನಲವತ್ತರ ಸೈಟಿನಲ್ಲಿ ಒಂದಿಂಚೂ ಬಿಡದೆ ಕಟ್ಟಿದ ಮನೆ. ಮೊದಲೇ ಕ್ರಾಸ್ ರಸ್ತೆ, ಮೇಲಿಂದ ಎರಡೂ ಕಡೆಯ ಬಾಲ್ಕನಿಗಳು ಮುಂದಕ್ಕೆ ಚಾಚಿಕೊಂಡಿವೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾವು ಸೀನುತ್ತೇವೆ. ಅವರ ಮೊದಲ ಮಹಡಿಯ ಬಾಲ್ಕನಿಗೂ ನಮ್ಮ ಹಾಲಿನ ಕಿಟಕಿಗೂ ಸರಿಯಾಗಿ ಮುಖಾಮುಖಿ. ಅಲ್ಲಿ ಬೆಳಿಗ್ಗೆ ಆರೂವರೆಗೆ ಒಬ್ಬ ಅಂಕಲ್ ಹಲ್ಲುಜ್ಜಲು ನಿಲ್ಲುತ್ತಾರೆ.

ಅಂಕಲ್ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಕಿಟಕಿ ದಢಾರನೆ ಹಾಕಿಬಿಡಬಹುದಿತ್ತು. ರಿಟೈರ್ ಆಗಿದ್ದಾರೆ, ಸಮಯ ಬೇಕಾದಷ್ಟಿದೆ, ಹಲ್ಲು ಇನ್ನೂ ಗಟ್ಟಿ ಇವೆ. ಬ್ರಷ್ ಬಾಯಲ್ಲಿಟ್ಟುಕೊಂಡು ನಮ್ಮ ಟೀವಿಯಲ್ಲಿ ಬರುವ ಹೆಡ್‌ಲೈನ್ಸ್ ಅಷ್ಟೂ ಓದುತ್ತಾರೆ. ನಡುವೆ ಬ್ರಷ್ ತೆಗೆದು, "ಇವತ್ತೂ ಉಪ್ಪಿಟ್ಟಾ?" ಅನ್ನುತ್ತಾರೆ. ಆ 'ಊ' ಇದೆಯಲ್ಲ, ಅದು ನಮ್ಮನೆಯವರು ಕೂಡ ಇಷ್ಟು ವರ್ಷದಲ್ಲಿ ಎತ್ತದ ಮಾತು.

ಸರಿ, ಹೊಲಿಗೆಯೇ ಇಲ್ಲದೆ ಪರದೆ ಮಾಡಬಹುದು ಅಂತ ಮಗಳು ಮೊಬೈಲಿನಲ್ಲಿ ತೋರಿಸಿದಳು. ವಿಡಿಯೊದಲ್ಲಿ ಒಬ್ಬಳು ಹುಡುಗಿ ನಗುನಗುತ್ತಾ ಐದು ನಿಮಿಷದಲ್ಲಿ ಮಾಡಿ ಮುಗಿಸುತ್ತಾಳೆ. ಅವಳ ಮನೆಯಲ್ಲಿ ಕರೆಂಟ್ ಹೋಗುವುದಿಲ್ಲ, ಯಾರೂ ಕಾಫಿ ಕೇಳುವುದಿಲ್ಲ, ಕಿಟಕಿಯ ಆಚೆ ಬರೀ ಮರ ಇದೆ. ಮರ ಇದ್ದರೆ ಪರದೆ ಯಾಕಮ್ಮಾ ನಿನಗೆ?

ಚಿಕ್ಕಪೇಟೆಯಲ್ಲಿ ಮೆಟ್ರೋ ಇಳಿದು, ಮೀಟರಿಗೆ 90 ರೂಪಾಯಿಯ ಕಾಟನ್ ಬಟ್ಟೆ ಮೂರು ಮೀಟರ್ ತಂದೆ. ಲೆಕ್ಕ ಸುಲಭ. ಕಿಟಕಿ ಎಷ್ಟು ಅಗಲವೋ ಅದರ ಹೆಚ್ಚೂಕಡಿಮೆ ಎರಡರಷ್ಟು ಅಗಲ ಬಟ್ಟೆ ಬೇಕು. ಇಲ್ಲದಿದ್ದರೆ ನೆರಿಗೆ ಬೀಳುವುದಿಲ್ಲ. 44 ಇಂಚು ಪನ್ನದ ಬಟ್ಟೆಯಲ್ಲಿ ಎರಡು ತುಂಡು ಸಾಕು. ಪಕ್ಕದ ಅಂಚುಗಳು ಮಗ್ಗದಿಂದ ಬರುವಾಗಲೇ ಗಟ್ಟಿ ಇರುತ್ತವೆ, ಮಡಚುವುದೇ ಬೇಡ. ಮೇಲೆ ಕೆಳಗೆ ಮಾತ್ರ ಕೆಲಸ. ಆದರೆ ಕಾಟನ್ ನೀರಿಗೆ ಬಿದ್ದರೆ ಕುಗ್ಗುತ್ತದೆ. ಮೊದಲು ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಾಕಬೇಕು. ಅಂಗಡಿಯವನು ಮಾತ್ರ "ಇದು ಕುಗ್ಗೋ ಮಾಲೇ ಅಲ್ಲ ಅಕ್ಕಾ" ಅಂತ ದೇವರ ಫೋಟೊ ಕಡೆ ಕೈ ತೋರಿಸಿದ್ದ. ನೆನೆಸಿದೆ. ಕುಗ್ಗಿತು.

ಹೊಲಿಗೆಯ ಬದಲು ಹಾಕುವುದು ಹೆಮ್ಮಿಂಗ್ ಟೇಪ್. ಬಲೆಯಂಥ ತೆಳ್ಳನೆ ಪಟ್ಟಿ. ಬಟ್ಟೆಯ ಮಡಿಕೆಯೊಳಗೆ ಇಟ್ಟು ಮೇಲೆ ಬಿಸಿ ಇಸ್ತ್ರಿ ಒತ್ತಿದರೆ ಅದು ಕರಗಿ ಎರಡೂ ಪದರವನ್ನು ಅಂಟಿಸುತ್ತದೆ. ಮ್ಯಾಚಿಂಗ್ ಸೆಂಟರಿನಲ್ಲಿ ಟೇಪ್ ಅಂದರೆ ಮೊದಲು ಅಳತೆ ಟೇಪ್ ಕೊಟ್ಟರು, ಆಮೇಲೆ ಸೆಲೋ ಟೇಪ್. "ಕಾಲರಿಗೆ ಪೇಸ್ಟಿಂಗ್ ಹಾಕ್ತಾರಲ್ಲ, ಆ ಥರದ್ದು" ಅಂದ ಮೇಲೆ ಹೊರಗೆ ಬಂತು. ಇಸ್ತ್ರಿಯನ್ನು ಎಳೆದಾಡಬಾರದು. ಒಂದು ಕಡೆ ಒತ್ತಿ ಹತ್ತು ಎಣಿಸಬೇಕು, ಎತ್ತಬೇಕು, ಪಕ್ಕದಲ್ಲಿ ಇಡಬೇಕು. ಪಾಲಿಯೆಸ್ಟರ್ ಆದರೆ ಬಿಸಿ ಕಡಿಮೆ ಇರಬೇಕು, ಇಲ್ಲವಾದರೆ ಟೇಪಿನ ಜೊತೆ ಬಟ್ಟೆಯೂ ಕರಗುತ್ತದೆ.

ನಮ್ಮನೆಯವರು ಹತ್ತು ಎಣಿಸುವ ಕೆಲಸ ವಹಿಸಿಕೊಂಡರು. ಆರಕ್ಕೆ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಭಾನುವಾರ ಅಲ್ವಾ, ರಿಪೇರಿಯಂತೆ, ಸಂಜೆಯವರೆಗೆ ಬರಲ್ಲವಂತೆ. ಅರ್ಧ ಅಂಟಿದ ಪರದೆಯನ್ನು ಹಿಡಿದುಕೊಂಡು ಅವರು ಮೂಲೆಯ ಇಸ್ತ್ರಿ ಗಾಡಿಗೆ ಹೋದರು. ಅಲ್ಲಿ ಐದಾರು ಕೆಜಿ ತೂಗುವ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ಗಾಡಿಯವನು ಟೇಪನ್ನು ಎರಡು ಸಲ ತಿರುಗಿಸಿ ನೋಡಿದನಂತೆ. ಏನೂ ಕೇಳಲಿಲ್ಲ, ಎಣಿಸಲೂ ಇಲ್ಲ. ಒದ್ದೆ ಬಟ್ಟೆ ಹಾಸಿ ಧಬಾ ಧಬಾ ಇಟ್ಟುಕೊಂಡು ಹೋಗಿ ಎರಡೂ ತುಂಡು ಮುಗಿಸಿಕೊಟ್ಟ. ನಾಲ್ಕು ಪ್ಯಾಂಟಿನ ದುಡ್ಡು ತೆಗೆದುಕೊಂಡ. ವಿಡಿಯೊ ಹುಡುಗಿಯ ಅಂಚಿಗಿಂತ ನೇರವಾಗಿ ಬಂದಿತ್ತು. ಇದನ್ನು ಓದಿ ನೀವೂ ಮಾಡುವುದಾದರೆ, ಮನೆಯ ಇಸ್ತ್ರಿ ಮುಟ್ಟಬೇಡಿ, ಸೀದಾ ಗಾಡಿಗೆ ಹೋಗಿ.

ಈಗ ನೇತು ಹಾಕುವುದು. ಬಾಡಿಗೆ ಮನೆ. ಹತ್ತು ತಿಂಗಳ ಅಡ್ವಾನ್ಸ್ ಇಸಿದುಕೊಂಡ ಓನರ್ ಅಗ್ರಿಮೆಂಟಿನಲ್ಲಿ ಮೊಳೆಯ ಬಗ್ಗೆಯೇ ಒಂದು ಪ್ಯಾರಾ ಬರೆಸಿದ್ದಾರೆ. ಹಾಗಾಗಿ ಸ್ಪ್ರಿಂಗ್ ರಾಡ್. ಮೊಳೆ ಬೇಡ, ಸ್ಕ್ರೂ ಬೇಡ. ಒಳಗೆ ಸ್ಪ್ರಿಂಗ್ ಇರುತ್ತದೆ, ತಿರುಗಿಸಿ ಉದ್ದ ಮಾಡಿ ಕಿಟಕಿಯ ಎರಡು ಪಕ್ಕದ ಗೋಡೆಗಳ ನಡುವೆ ಬಿಗಿಯಾಗಿ ಕೂರಿಸಿದರೆ ತುದಿಯ ರಬ್ಬರ್ ಹಿಡಿದುಕೊಳ್ಳುತ್ತದೆ. ಅದಕ್ಕೆ ಕ್ಲಿಪ್ ಇರುವ ರಿಂಗ್ ತೂರಿಸಿ, ಕ್ಲಿಪ್ಪಿಗೆ ಬಟ್ಟೆ ಕಚ್ಚಿಸಿದರೆ ಆಯಿತು.

ನಮ್ಮನೆಯವರು ಸ್ಟೂಲ್ ಹತ್ತಿದರು. ನಾನು ಸ್ಟೂಲ್ ಹಿಡಿದುಕೊಂಡೆ. ರಾಡ್ ಮಟ್ಟಸವಾಗಿದೆಯೋ ಇಲ್ಲವೋ ನೋಡಲು ಯಾರಾದರೂ ದೂರ ನಿಲ್ಲಬೇಕಲ್ಲ?

"ಬಲಗಡೆ ಇಳಿದಿದೆ ಸಾರ್!"

ಎದುರು ಬಾಲ್ಕನಿ. ಬ್ರಷ್ ಇರಲಿಲ್ಲ, ಕಾಫಿ ಲೋಟ ಇತ್ತು. ನಮ್ಮನೆಯವರು ತಮಗೆ ಗೊತ್ತಿಲ್ಲದೆಯೇ ಬಲಗಡೆ ಎತ್ತಿದರು. "ಜಾಸ್ತಿ ಆಯ್ತು. ಒಂದು ಕೂದಲೆಳೆ ಕೆಳಗೆ. ಹಾಂ. ಈಗ ಎಡಗಡೆ. ನಿಮ್ಮ ಎಡ ಅಲ್ಲ ಸಾರ್, ನನ್ನ ಎಡ." ಯಾರು ನೋಡಬಾರದು ಅಂತ ಪರದೆ ಹಾಕುತ್ತಿದ್ದೇವೋ ಅವರೇ ನಿಂತು ಅದನ್ನು ಹಾಕಿಸುತ್ತಿದ್ದರು. ನನಗೆ ಸಿಟ್ಟು ಬಂತು. ಆದರೆ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು ಅನ್ನುವುದು ನಿಜ. ಪರದೆ ಎಳೆಯುವ ಮೊದಲು, "ಥ್ಯಾಂಕ್ಸ್ ಅಂಕಲ್" ಅಂದೆ. ಅವರ ಮುಖದ ಮೇಲೆಯೇ ಎಳೆದೆ. ಬಟ್ಟೆಯ ಆಚೆಯಿಂದ "ಕಲರ್ ಚೆನ್ನಾಗಿದೆ ಕಣಮ್ಮಾ" ಅಂತ ಕೇಳಿಸಿತು.

ಮಾರನೆಯ ಬೆಳಿಗ್ಗೆ ನಮ್ಮನೆಯವರು ಪೇಪರ್ ತರಲು ಹೊರಗೆ ಹೋದಾಗ ಅಂಕಲ್ ಬ್ರಷ್ ತೆಗೆದರು. ಉಗುಳಿ ಬಂದರು. ಮಾತು ದೊಡ್ಡದಿದೆ ಅಂತ ಅರ್ಥ.

"ಸಾರ್, ರಾತ್ರಿ ನಿಮ್ಮನೇಲಿ ಡ್ಯಾನ್ಸ್ ಪ್ರಾಕ್ಟೀಸಾ?"

ಬಿಳಿ ಕಾಟನ್, ತೆಳ್ಳಗಿನದು. ಹಗಲಲ್ಲಿ ಹೊರಗಿನ ಬೆಳಕು ಜಾಸ್ತಿ, ಒಳಗೆ ಏನೂ ಕಾಣುವುದಿಲ್ಲ. ರಾತ್ರಿ ಒಳಗೆ ದೀಪ ಹಾಕಿದರೆ ಪೂರ್ತಿ ಉಲ್ಟಾ. ನಮ್ಮನೆಯವರು ರಾತ್ರಿ ಬನಿಯನ್ ಪಂಚೆಯಲ್ಲಿ ಸೊಳ್ಳೆ ಬ್ಯಾಟ್ ಹಿಡಿದು ಹಾಲ್ ತುಂಬ ಬೇಟೆಯಾಡುತ್ತಾರೆ. ದಿನದ ಕಾರ್ಯಕ್ರಮ ಇದು. ಎಡಗಾಲು ಮುಂದೆ, ಬ್ಯಾಟ್ ತಲೆಯ ಮೇಲೆ, ಒಂದು ಜಿಗಿತ, 'ಟಪ್'. ಪರದೆ ಇಲ್ಲದಿದ್ದಾಗ ಅವರು ಮನುಷ್ಯರ ಗಾತ್ರದಲ್ಲಿ ಕಾಣುತ್ತಿದ್ದರು. ಈಗ ಟ್ಯೂಬ್‌ಲೈಟ್ ಹಿಂದೆ, ಬಟ್ಟೆ ಮುಂದೆ, ನಡುವೆ ಇವರು. ತೊಗಲುಗೊಂಬೆಯ ರಾವಣನಂತೆ ನಾಲ್ಕು ಅಡಿ ಕಿಟಕಿ ತುಂಬ ಆಡಿದ್ದಾರೆ. ರಸ್ತೆಯಲ್ಲಿ ನಾಯಿಗೆ ಅನ್ನ ಹಾಕಲು ಬಂದವರೂ ನಿಂತು ನೋಡಿದರಂತೆ.

"ಡ್ಯಾನ್ಸ್ ಅಲ್ಲ, ಸೊಳ್ಳೆ" ಅಂದರು ನಮ್ಮನೆಯವರು.

"ಹೌದಾ? ನನಗೂ ಅನಿಸ್ತು. ಕೊನೇಲಿ ಸೋಫಾ ಮೇಲೆ ಹತ್ತಿದ್ರಲ್ಲ, ಅದು ಸಿಕ್ತಾ?"

ಸಿಕ್ಕಿರಲಿಲ್ಲ. ಒಳಗೆ ಬಂದು ಪೇಪರ್ ಓದದೆ ಕೂತರು. ಆ ರಾತ್ರಿ ದೀಪ ಆರಿಸಿ, ಕತ್ತಲಲ್ಲಿ ಬ್ಯಾಟ್ ಬೀಸಿ, ಟೀಪಾಯಿಗೆ ಮೊಣಕಾಲು ಹೊಡೆಸಿಕೊಂಡರು. ಸೊಳ್ಳೆಗಳಿಗೆ ಮಾತ್ರ ಕತ್ತಲಲ್ಲೂ ಎಲ್ಲ ಕಾಣುತ್ತಿತ್ತು.

ಇಷ್ಟರ ಮೇಲೆ ಒಂದು ನಡುರಾತ್ರಿ ರಾಡ್ ಬಿತ್ತು. ಸದ್ದಿಗೆ ಕಳ್ಳ ಬಂದ ಅಂತಲೇ ಎದ್ದೆವು. ಕಾರಣ ಡಿಸ್ಟೆಂಪರ್. ಓನರ್ ಬಳಿಸಿದ ಅಗ್ಗದ ಡಿಸ್ಟೆಂಪರ್ ಮುಟ್ಟಿದರೆ ಪುಡಿ ಬರುತ್ತದೆ, ಆ ಪುಡಿಯ ಮೇಲೆ ರಬ್ಬರ್ ಎಷ್ಟು ದಿನ ನಿಂತೀತು? ಎದುರು ಮನೆಯಲ್ಲಿ ದೀಪ ಹತ್ತಿತು. "ಬಿತ್ತಾ? ನಾನು ಅವತ್ತೇ ಹೇಳಿದ್ನಲ್ಲ, ಬಲಗಡೆ ಅಂತ!" ಬೆಳಿಗ್ಗೆ ಹಳೇ ಸೈಕಲ್ ಟ್ಯೂಬಿನ ಎರಡು ತುಂಡು ಕತ್ತರಿಸಿ ನಮ್ಮ ಬಾಲ್ಕನಿಗೆ ಎಸೆದರು. ಗೋಡೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಈ ತುಂಡನ್ನು ರಾಡಿನ ತುದಿಗೆ ಕೊಟ್ಟು ಬಿಗಿ ಮಾಡಿ ಅಂದರು. ಅಲ್ಲಿಂದ ಇಲ್ಲಿಯವರೆಗೆ ಬಿದ್ದಿಲ್ಲ. ಇದನ್ನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಹೇಗೂ ಕಾಣುತ್ತಲ್ಲ ಅವರಿಗೆ.

ತೆಳ್ಳನೆ ಬಟ್ಟೆಗೆ ಉಪಾಯ ಹೇಳಿದ್ದು ಅಮ್ಮ. ತಿಪಟೂರಿನಿಂದ ಬಂದವಳು ನಮ್ಮ ಕಿಟಕಿ ನೋಡಿ, "ಇಷ್ಟು ದೊಡ್ಡ ಗಾಜು ಇಟ್ಟು ಆಮೇಲೆ ಅದನ್ನ ಮುಚ್ಚೋಕೆ ಒದ್ದಾಡ್ತೀರಲ್ಲೇ" ಅಂದಳು. ಊರಿನ ಮನೆಯ ಕಿಟಕಿಗಳಿಗೆ ನಾಲ್ಕು ಬಾಗಿಲು. ಕೆಳಗೆ ಎರಡು, ಮೇಲೆ ಎರಡು. ಕೆಳಗಿನ ಜೋಡಿ ಹಾಕಿ ಮೇಲಿನದು ತೆಗೆದಿಟ್ಟರೆ ಗಾಳಿ ಬರುತ್ತಿತ್ತು, ಬೆಳಕು ಬರುತ್ತಿತ್ತು, ರಸ್ತೆಯವರ ಕಣ್ಣು ಬರುತ್ತಿರಲಿಲ್ಲ. ನಾವು ಮಕ್ಕಳು ನೆಲದ ಮೇಲೆ ಕೂತು ಓದುವಾಗ ನಮಗೆ ಆಕಾಶ ಮಾತ್ರ ಕಾಣುತ್ತಿತ್ತು. ಯಾರಾದರೂ ಮಾತಾಡಿಸಬೇಕು ಅನಿಸಿದರೆ ಕೆಳಗಿನ ಬಾಗಿಲ ಚಿಲಕ ತೆಗೆದರೆ ಆಯಿತು. ತೆಗೆಯುವುದು ಬಿಡುವುದು ನಮ್ಮ ಕೈಯಲ್ಲಿತ್ತು. ಅಂಥ ಕಿಟಕಿ ಮಾಡುವ ಬಡಗಿಗಳು ಈಗಲೂ ಇರಬಹುದು. ಅಂಥ ಕಿಟಕಿ ಕೇಳುವ ಓನರ್ ಇಲ್ಲ.

ಅಮ್ಮ ತನ್ನ ಹಳೇ ಕಾಟನ್ ಸೀರೆ ಕೊಟ್ಟಳು. ನೀಲಿ ಮೈ, ಅರಿಸಿನ ಬಣ್ಣದ ಅಂಚು. ಶಾಲೆಯ ಗೇಟಿನ ಹೊರಗೆ ಕಾಯುತ್ತಿದ್ದಾಗ ಅವಳು ಉಡುತ್ತಿದ್ದದ್ದು. ಗುಂಪಿನಲ್ಲಿ ಮೊದಲು ಆ ಅಂಚೇ ಕಾಣುತ್ತಿತ್ತು ನನಗೆ. ಒಂದೇ ಷರತ್ತು, ಕತ್ತರಿ ಹಾಕಬಾರದು. ಕತ್ತರಿ ಬೇಕೇ ಆಗಲಿಲ್ಲ. ಐದೂವರೆ ಮೀಟರ್ ಅಂದರೆ 18 ಅಡಿ. ಉದ್ದಕ್ಕೆ ಅರ್ಧ ಮಡಚಿದರೆ ಒಂಬತ್ತು ಅಡಿ, ಎರಡು ಪದರ. ನಾಲ್ಕು ಅಡಿ ಕಿಟಕಿಗೆ ಬೇಕಾದಷ್ಟು ನೆರಿಗೆ. ಅಡ್ಡಲಾಗಿ ನೇತು ಹಾಕಿದರೆ ಸೀರೆಯ ಅಂಚೇ ಪರದೆಯ ಕೆಳಗಿನ ಅಂಚು. ಪನ್ನ 45 ಇಂಚು, ರಿಂಗು ಕ್ಲಿಪ್ಪಿಗೆ ಎರಡು ಇಂಚು, ಸರಿಯಾಗಿ ಕೂತಿತು. ಹೊಲಿಗೆ ಇಲ್ಲ, ಅಂಟು ಇಲ್ಲ, ಕತ್ತರಿ ಇಲ್ಲ. ಎರಡು ಪದರದಲ್ಲಿ ನಮ್ಮನೆಯವರ ನೆರಳೂ ಇಲ್ಲ. ಅವರು ಮತ್ತೆ ದೀಪ ಹಾಕಿಕೊಂಡು ಬೇಟೆಗೆ ಇಳಿದರು.

ಈಗ ಉಳಿದಿರುವ ತಕರಾರು ಕ್ಲಿಪ್ಪಿನದು. ಒಂದೊಂದೇ ಮಾಯ. ಪರದೆ ಅಲ್ಲಲ್ಲಿ ಜೋತು ಬೀಳುತ್ತದೆ, ಹುಡುಕಿದರೆ ಒಂದು ಚಿರೋಟಿ ರವೆ ಪ್ಯಾಕೆಟ್ಟಿನ ಬಾಯಿಗೆ, ಇನ್ನೊಂದು ಮಗಳ ಚಿಪ್ಸಿಗೆ, ಮತ್ತೊಂದು ಕರೆಂಟ್ ಬಿಲ್ಲುಗಳಿಗೆ. ಯಾರನ್ನು ಕೇಳಿದರೂ "ನಾನಲ್ಲ". ಸಿಕ್ಕಿದ ಕ್ಲಿಪ್ ತೆಗೆದರೆ ರವೆಗೆ ಹುಳ ಬರುತ್ತದೆ, ಬಿಟ್ಟರೆ ಅಂಕಲ್‌ಗೆ ಟೀವಿ ಕಾಣುತ್ತದೆ.

ನಿನ್ನೆ ತರಕಾರಿ ಗಾಡಿಯ ಹತ್ತಿರ ಎದುರು ಮನೆ ಆಂಟಿ ಸಿಕ್ಕರು. ಬೀನ್ಸ್ ಮುರಿದು ನೋಡುತ್ತಾ, "ನಿಮ್ಮನೆ ಕರ್ಟನ್ ಚೆನ್ನಾಗಿದೆ ರೀ. ನಮಗೂ ಒಂದು ಮಾಡೋದು ಹೇಳ್ಕೊಡಿ" ಅಂದರು. ನಿಮಗೆ ಯಾಕೆ ಆಂಟಿ, ಅಂದೆ. ಅವರು ಸ್ವಲ್ಪ ಹತ್ತಿರ ಬಂದು ದನಿ ಇಳಿಸಿದರು.

"ತಪ್ಪು ತಿಳ್ಕೋಬೇಡಿ. ನಿಮ್ಮನೆಯವರು ಬೆಳಿಗ್ಗೆ ಎದ್ದು ಬನಿಯನ್ನಲ್ಲಿ ನಮ್ಮ ಬಾಲ್ಕನಿ ಕಡೆನೇ ನೋಡ್ತಾ ನಿಂತಿರ್ತಾರೆ. ನಮ್ಮೆಜಮಾನ್ರಿಗೆ ನೆಮ್ಮದಿಯಾಗಿ ಹಲ್ಲುಜ್ಜೋಕೂ ಆಗ್ತಿಲ್ಲ, ಪಾಪ."

ಬೀನ್ಸ್ ತೂಕ ಹಾಕಿಸಿಕೊಂಡು, ಎಂಥ ಸೀರೆ ಆಗಬೇಕು ಅಂತ ಕೇಳಿದರು.

ಐದೂವರೆ ಮೀಟರಿನದ್ದು ಆದರೆ ಆಗುತ್ತೆ ಆಂಟಿ, ಅಂದೆ. ಒಂಬತ್ತು ಗಜದ್ದು ಇದ್ದರೆ ಅದನ್ನೇ ಹಾಕಿಬಿಡಿ.